ಅದು ಸೋಮಾರಿತನ ಅಲ್ಲ, ಮಲಗೋಕೆ ಬಿಡಿ

ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ನಾವೆಲ್ಲ ಬೆಳಗ್ಗೆ 4ಕ್ಕೆ ಎದ್ದು ಓದಿದವರು. ಈಗಿನ ಮಕ್ಕಳದು ಬರೀ ಸೋಮಾರಿತನ." ಅದಕ್ಕೆ ರಾಶಿ ಲೈಕು! ಮೈಯೆಲ್ಲ ಉರಿದುಹೋಯ್ತು ನಂಗೆ.

ಸೋಮಾರಿತನ ಅಲ್ಲ ಸ್ವಾಮಿ, ಅದು ಮಿದುಳು. ಪ್ರಾಯಕ್ಕೆ ಬರೋ ಹೊತ್ತಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಮಿದುಳಿನೊಳಗಿನ ಗಡಿಯಾರವೇ ತಡವಾಗುತ್ತೆ. ರಾತ್ರಿಯಾಯ್ತು ಅಂತ ಮೈಗೆ ತಿಳಿಸೋ ಮೆಲಟೋನಿನ್ ಅನ್ನೋ ಹಾರ್ಮೋನು ಒಂದೆರಡು ಗಂಟೆ ಲೇಟಾಗಿ ಬರುತ್ತೆ. ಎಚ್ಚರವಿದ್ದ ದಣಿವೂ ಚಿಕ್ಕ ಮಕ್ಕಳಿಗೆ ಏರಿದಷ್ಟು ಬೇಗ ಏರಲ್ಲ. ಅದಕ್ಕೇ ತಂಗಿ 9ಕ್ಕೆ ತೂಕಡಿಸಿದ್ರೆ ಅಣ್ಣ 11 ಆದ್ರೂ ಹೊರಳಾಡ್ತಿರ್ತಾನೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಮಕ್ಕಳ ಜೊಲ್ಲಿನಲ್ಲಿ ಮೆಲಟೋನಿನ್ ಅಳೆದು 1990ರ ದಶಕದಲ್ಲೇ ಇದನ್ನ ತೋರಿಸಿದ್ರು.

"ಮೊಬೈಲ್ ಕಿತ್ಕೊಳ್ಳಿ, ಸರಿಹೋಗುತ್ತೆ" ಅಂತಾರೆ. ಮೊಬೈಲ್ ನಿದ್ದೆ ಇನ್ನಷ್ಟು ಕೆಡಿಸುತ್ತೆ, ನಿಜ. ಆದ್ರೆ ಪ್ರಾಯಕ್ಕೆ ಬರೋ ಇಲಿಗಳಲ್ಲೂ ಗಡಿಯಾರ ಹೀಗೇ ತಡವಾಗೋದು ಕಂಡಿದೆಯಲ್ಲ, ಅವಕ್ಕೆ ಮೊಬೈಲ್ ಕೊಡಿಸಿದ್ಯಾರು?

"ಲೇಟಾಗಿ ಏಳೋಕೆ ಬಿಟ್ರೆ ಇನ್ನೂ ಲೇಟಾಗಿ ಮಲಗ್ತಾರೆ" ಅನ್ನೋರೂ ಇದ್ದಾರೆ. 2016ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೈಸ್ಕೂಲ್ ಶುರುವಾಗೋ ಹೊತ್ತನ್ನ 7:50ರಿಂದ 8:45ಕ್ಕೆ ತಳ್ಳಿದ್ರು. ಮಕ್ಕಳ ಕೈಗೆ ಯಂತ್ರ ಕಟ್ಟಿ ಅಳೆದು ನೋಡಿದ್ರೆ ನಿದ್ದೆ ಸುಮಾರು 34 ನಿಮಿಷ ಜಾಸ್ತಿಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಕಾನೂನೇ ಇದೆ, ಹೈಸ್ಕೂಲು 8:30ಕ್ಕೆ ಮುಂಚೆ ಶುರುವಾಗೋ ಹಾಗಿಲ್ಲ.

ನಮ್ಮಲ್ಲಿ? ಪಿಯುಸಿ ಮಕ್ಕಳಿಗೆ ಬೆಳಗ್ಗೆ ಐದೂವರೆಗೆ ಟ್ಯೂಷನ್! ನಮ್ಮಕ್ಕನ ಮಗಳು ಕತ್ತಲಲ್ಲೇ ಸ್ವೆಟರ್ ಹಾಕ್ಕೊಂಡು ಹೊರಡ್ತಾಳೆ, ಸಂಜೆ ಫಿಸಿಕ್ಸ್ ನೋಟ್ಸ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಿರ್ತಾಳೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕನಸು ಬೀಳೋ ನಿದ್ದೆಯ ದೊಡ್ಡ ಪಾಲು ಸಿಗೋದೇ ಬೆಳಗಿನ ಜಾವ. ನಾವು ಕತ್ತರಿ ಹಾಕ್ತಿರೋದೂ ಅಲ್ಲಿಗೇ.

ಈಗ ಬ್ರಾಹ್ಮೀ ಮುಹೂರ್ತ ಅಂತ ಶುರುಮಾಡ್ತೀರಿ. ದೀಪ ಹಚ್ಚಿದ ಕೂಡಲೇ ಉಂಡು ಮಲಗೋ ಮನೆಯ ಮಾತು ಅದು. ನಿಮ್ಮ ಮನೇಲಿ ರಾತ್ರಿ ಹತ್ತಕ್ಕೆ ಸೀರಿಯಲ್ಲು, ಹತ್ತೂವರೆಗೆ ಊಟ!

ಭಾನುವಾರ ಇದರ ಪೂರ್ತಿ ಎಪಿಸೋಡ್ ಹಾಕ್ತೀನಿ, ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ. ಇದನ್ನ ಮನೆಯವರ ವಾಟ್ಸಾಪ್ ಗ್ರೂಪಿಗೂ ಕಳಿಸಿ, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸೋ ದೊಡ್ಡಪ್ಪನಿಗೆ ಮೊದಲು ಕಳಿಸಿ. ಸೋಮಾರಿ ಅಲ್ಲ ರೀ ಆ ಮಗು! ನೀವು 4ಕ್ಕೆ ಎದ್ರಿ ಅಂತ ಅದರ ನಿದ್ದೆ ಯಾಕೆ ಕಿತ್ಕೋತೀರಿ? ಬಿಡ್ರೀ, ಮಲಗಲಿ!