ಮಿಲಿಟರಿ ತಾತನ ಬದುಕನ್ನು ಬರೆದಿಡುವ ಬಗೆ

ಕೇಳುಗರಿಗೆ ನಮಸ್ಕಾರ.

ಮಂಡ್ಯ ಸೀಮೆಯಲ್ಲಿ ತುಂಬು ಬಾಳು ಬಾಳಿದ ಮಾಜಿ ಸೈನಿಕರೊಬ್ಬರು ತೀರಿಕೊಂಡರೆ ಮಾರನೆಯ ದಿನವೇ ಊರ ಬಾಗಿಲಲ್ಲಿ ಫ್ಲೆಕ್ಸ್ ಏಳುತ್ತದೆ. ‘ದೇಶಭಕ್ತರು, ಸಮಾಜಸೇವಕರು, ಕೊಡುಗೈ ದಾನಿಗಳು.’ ಪಕ್ಕದೂರಿನ ಫ್ಲೆಕ್ಸಿನಲ್ಲೂ ಇದೇ ಮಾತು, ಭಾವಚಿತ್ರ ಮಾತ್ರ ಬೇರೆ. ಅವರು ಯಾವ ಪಲ್ಟನ್ನಿನಲ್ಲಿದ್ದರು, ಊರಿಗೆ ಬಂದ ಮೇಲೆ ಯಾವ ತೂಬು ರಿಪೇರಿಗೆ ಓಡಾಡಿದರು ಎಂದು ಕೇಳಿದರೆ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ತಾತ ಗಟ್ಟಿಯಾಗಿರುವಾಗಲೇ ಬರೆದಿಟ್ಟುಕೊಂಡರೆ ಈ ಪಾಡು ಬರುವುದಿಲ್ಲ.

ಮೊದಲು ಟ್ರಂಕು ತೆಗೆಯಿರಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು, ನಂಬರು ಅಳಿಸಿಹೋಗುವ ಮುಂಚೆ ಫೋಟೋ ತೆಗೆದುಕೊಳ್ಳಿ. ಒಳಗಿರುವ ಡಿಸ್ಚಾರ್ಜ್ ಬುಕ್ಕಿನಲ್ಲಿ ರೆಜಿಮೆಂಟು, ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಪದಕ ಎಲ್ಲ ಇರುತ್ತವೆ. ಎರಡು ನಂಬರು ಕಂಡರೆ ಗಾಬರಿ ಬೇಡ. ಹವಾಲ್ದಾರರು ನಾಯಬ್ ಸುಬೇದಾರರಾದಾಗ ‘ಜೆಸಿ’ ಎಂದು ಶುರುವಾಗುವ ಹೊಸ ನಂಬರು ಸಿಗುತ್ತದೆ. ಹಳೆಯ ಕಾಗದದಲ್ಲಿ ‘ಜಮಾದಾರ್’ ಎಂದಿದ್ದರೆ ಅದೂ ಇದೇ ಹುದ್ದೆಯೇ, 1965ರಲ್ಲಿ ಹೆಸರು ಬದಲಾಯಿತು. ಈ ಪುಸ್ತಕಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಪ್ಲಾಸ್ಟಿಕ್ ಅಂಟಿದ ಮೇಲೆ ಕಾಗದ ಹರಿಯದೆ ಬಿಡಿಸಿಕೊಳ್ಳಲಾಗುವುದಿಲ್ಲ.

‘ತಾತ ಮಹಾರಾಜರ ಸೈನ್ಯದಲ್ಲಿದ್ದರು’ ಎಂದು ಅಜ್ಜಿ ಹೇಳುತ್ತಾರೆ, ಪುಸ್ತಕದಲ್ಲಿ ಮದ್ರಾಸ್ ರೆಜಿಮೆಂಟ್ ಎಂದಿರುತ್ತದೆ. ಎರಡೂ ನಿಜವಿರಬಹುದು. ಸ್ವಾತಂತ್ರ್ಯದ ನಂತರ ಮೈಸೂರು ಸಂಸ್ಥಾನದ ಒಂದನೇ ಇನ್‌ಫೆಂಟ್ರಿ ಪಡೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ್ದ ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು.

ಪದಕಗಳು ಬಾಯಿಮಾತಿಗಿಂತ ಗಟ್ಟಿ ಸಾಕ್ಷಿ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್ ಪೂರ್ವದ ರಂಗದಲ್ಲಿದ್ದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದ ರಂಗದಲ್ಲಿದ್ದವರಿಗೆ. ‘ತಾತ ಢಾಕಾದಲ್ಲಿದ್ದರು’ ಎಂದು ಮನೆಯವರು ಹೇಳಿಕೊಂಡು ಬಂದಿದ್ದು, ಪೆಟ್ಟಿಗೆಯಲ್ಲಿ ಪಶ್ಚಿಮಿ ಸ್ಟಾರ್ ಒಂದೇ ಸಿಕ್ಕಿದರೆ ಕತೆಯನ್ನು ಇನ್ನೊಮ್ಮೆ ವಿಚಾರಿಸಬೇಕು. ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಣ್ಣ ಅಕ್ಷರದಲ್ಲಿ ನಂಬರು, ಹೆಸರು ಕೊರೆದಿರುವುದುಂಟು. ಆಯುಧಪೂಜೆಗೆ ಹಿತ್ತಾಳೆ ಚೊಂಬಿನ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ಉಜ್ಜುವವರಿದ್ದಾರೆ. ವರ್ಷವರ್ಷ ಉಜ್ಜಿದರೆ ಆ ಹೆಸರೇ ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ವಯಸ್ಸಿನ ಲೆಕ್ಕ ತೊಡಕಿನದು. ಆ ಕಾಲದಲ್ಲಿ ಎಷ್ಟೋ ಜನರ ಹುಟ್ಟಿದ ದಿನವನ್ನು ಮೇಷ್ಟರೋ ಭರ್ತಿ ಮಾಡಿಕೊಂಡ ಹವಾಲ್ದಾರರೋ ಅಂದಾಜಿನಲ್ಲಿ ಬರೆದುಕೊಂಡರು. ‘ನಿಮಗೆಷ್ಟು ವಯಸ್ಸು?’ ಎನ್ನಬೇಡಿ. 1938ರ ಶಿವಪುರದ ಧ್ವಜ ಸತ್ಯಾಗ್ರಹ, 1939ರಲ್ಲಿ ಮಂಡ್ಯ ಜಿಲ್ಲೆಯಾದದ್ದು, 1947ರ ಮೈಸೂರು ಚಲೋ, ಇವುಗಳ ಹೊತ್ತಿಗೆ ‘ನೀವು ದನ ಮೇಯಿಸ್ತಿದ್ರಾ, ಸ್ಕೂಲಿಗೆ ಹೋಗ್ತಿದ್ರಾ ತಾತ?’ ಎಂದು ಕೇಳಿ. ಎರಡು ಮೂರು ವರ್ಷದ ಅಂತರದೊಳಗೆ ಲೆಕ್ಕ ಕೂರುತ್ತದೆ.

ಮಾತು ರೆಕಾರ್ಡ್ ಮಾಡುವುದಕ್ಕೆ ಬೆಳಗಿನ ಕಾಫಿ ಆದಮೇಲಿನ ಅರ್ಧ ಗಂಟೆ ಒಳ್ಳೆಯದು. ಫ್ಯಾನ್ ನಿಲ್ಲಿಸಿ. ಕರೆ ಬಂದು ಮಧ್ಯೆ ಕಡಿಯದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವಲಿನ ಮೇಲೆ, ಬಾಯಿಂದ ಒಂದು ಗೇಣು ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ತಾತ ಬೆರಳು ತಟ್ಟಿದ ಸದ್ದೆಲ್ಲ ದಾಖಲಾಗುತ್ತದೆ. ಶುರುವಿನಲ್ಲೇ ದಿನಾಂಕ, ಊರು ಹೇಳಿ. ‘ಯುದ್ಧ ಹೇಗಿತ್ತು?’ ಎಂದರೆ ‘ಇತ್ತು ಕಣಪ್ಪ’ ಎಂದು ಮುಗಿಸಿಬಿಡುತ್ತಾರೆ. ‘ಊಟಕ್ಕೆ ಏನು ಕೊಡ್ತಿದ್ರು? ರಜೆ ಸಿಕ್ಕಿದರೆ ಊರು ತಲುಪೋಕೆ ಎಷ್ಟು ದಿನ ಹಿಡೀತಿತ್ತು?’ ಎಂದು ಕೇಳಿ ನೋಡಿ, ಉಳಿದದ್ದು ತಾನಾಗಿ ಬರುತ್ತದೆ. ಇಸವಿ ತಪ್ಪು ಹೇಳಿದರೆ ಮಧ್ಯೆ ತಿದ್ದಬೇಡಿ, ಮಾತಿನ ಎಳೆ ಕಡಿದುಹೋಗುತ್ತದೆ.

ಮನೆಯವರು ಹೆಚ್ಚಾಗಿ ಎಡವುವುದು ಊರ ಕೆಲಸದ ವಿಷಯದಲ್ಲಿ. ‘ಸ್ಕೂಲು ಕಟ್ಟಿಸಿದರು, ಡೇರಿ ಮಾಡಿಸಿದರು’ ಎಂದು ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುತ್ತಾರೆ. ಊರಿನಲ್ಲಿ ಯಾವ ಕೆಲಸವೂ ಒಬ್ಬರಿಂದ ಆದದ್ದಲ್ಲ, ಕೇಳುವವರಿಗೂ ಅದು ಗೊತ್ತು. ಹಾಲಿನ ಸೊಸೈಟಿಯ ಹಳೆಯ ನಡಾವಳಿ ಪುಸ್ತಕ ಉಳಿದಿದ್ದರೆ ತೋರಿಸಿ ಎಂದು ಕಾರ್ಯದರ್ಶಿಯನ್ನು ಕೇಳಿ. ಸೂಚಕರು ಯಾರು, ಅನುಮೋದಕರು ಯಾರು ಎಂಬುದು ಸಹಿ ಸಮೇತ ಇರುತ್ತದೆ. ಶಾಲೆಯ ಕೊಠಡಿಯ ಕಲ್ಲು ಓದಿ. ನಾಲೆಯ ಸಂಗತಿಗೆ, ಗದ್ದೆಗಳಿಗೆ ನೀರು ಬಿಡುತ್ತಿದ್ದ ಹಳೇ ನೀರುಗಂಟಿಯನ್ನು ಕೇಳಿ. ‘ಸಮಾಜಸೇವಕರು’ ಎಂಬುದಕ್ಕಿಂತ ‘ನೀರು ಸರದಿಯಲ್ಲಿ ಬಿಟ್ಟ ವರ್ಷ ಕೊನೆಭಾಗದ ಗದ್ದೆಗೂ ಮುಟ್ಟಲೆಂದು ರಾತ್ರಿ ನಾಲೆ ಏರಿಯ ಮೇಲೆ ಕಾದರು’ ಎಂಬುದು ಗಟ್ಟಿ ಮಾತು, ನಡೆದಿದ್ದರೆ ಮಾತ್ರ. ಮುಂಗೋಪಿಯಾಗಿದ್ದರೆ ಅದನ್ನೂ ಬರೆಯಿರಿ. ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಿಟ್ಟರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ಬರೆದದ್ದನ್ನು ತಾತನ ಓರಗೆಯವರಿಬ್ಬರಿಗೆ ಓದಿ ಹೇಳಿ. ಇಸವಿಗಿಂತ ಹೆಚ್ಚಾಗಿ ಜೊತೆಗಿದ್ದವರ ಹೆಸರುಗಳನ್ನು ಅವರು ತಿದ್ದುತ್ತಾರೆ. ತಿದ್ದಿದ ಮೇಲೆ ಒಂದು ಪ್ರತಿ ಟ್ರಂಕಿಗೆ, ಒಂದು ಪ್ರತಿ ಊರ ಶಾಲೆಗೆ. ನಮಸ್ಕಾರ.