ಹದಿನಾಲ್ಕು ದಾಟಿದ ಮಗು ಯಾರ ಲೆಕ್ಕಕ್ಕೆ?

ಎಲ್ಲರಿಗೂ ಶರಣು. ಈ ಬಿಸಿಲಲ್ಲಿ ಕೆಲಸ ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಸಿಂಧನೂರು ಕಡೆ ಹತ್ತಿ ಬೀಜದ ಹೊಲದಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. ಕ್ರಾಸಿಂಗ್ ಕೆಲಸ, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಕೈಯಿಂದ ಪರಾಗ ಮುಟ್ಟಿಸುವುದು, ನಿಮಗೆ ಗೊತ್ತೇ ಇದೆ. ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ತೆಗೀಬೇಕು, ಮರುದಿನ ಬೆಳಿಗ್ಗೆ ಗಂಡು ಹೂ ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಅವಳ ಉಗುರಿನ ತುದಿಯೆಲ್ಲ ಹಳದಿ. "ಯಾವ ಕ್ಲಾಸವ್ವಾ?" ಅಂದೆ. "ಒಂಬತ್ತಕ್ಕೆ ಬಿಟ್ಟೆನ್ರೀ, ಈಗ ಹದಿನೈದು" ಅಂದಳು. ಕೈ ನಿಲ್ಲಲಿಲ್ಲ. ಊರಿನ ಮೇಷ್ಟ್ರನ್ನು ಕೇಳಿದರೆ, ಹದಿನಾಲ್ಕು ದಾಟಿದೆ, ಶಿಕ್ಷಣ ಹಕ್ಕು ಕಾಯ್ದೆ ಹಿಡಿದು ಶಾಲೆಗೆ ಕರೆಯೋಕೆ ಬರಲ್ಲ ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಯತ್ನಿಸಬೇಕು ಅಂತ ಸಂವಿಧಾನ 1950ರಲ್ಲೇ ಹೇಳಿತ್ತು. ಆದರೆ ಅದು ಬರೀ ನಿರ್ದೇಶನ, ಕೋರ್ಟಿಗೆ ಹೋಗಿ ಕೇಳುವ ಹಾಗಿರಲಿಲ್ಲ. 2002ರ ತಿದ್ದುಪಡಿಯಲ್ಲಿ 21ಎ ವಿಧಿ ಸೇರಿ ಅದು ಮೂಲಭೂತ ಹಕ್ಕಾಯಿತು, ಆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅರವತ್ತು ವರ್ಷ! ಅದೂ ಆರರಿಂದ ಹದಿನಾಲ್ಕರವರಿಗೆ ಮಾತ್ರ. ಅಂಗನವಾಡಿಯ ಕೂಸು ಇವತ್ತಿಗೂ ನಿರ್ದೇಶನದಲ್ಲೇ ಇದೆ. ಹದಿನೆಂಟರವರೆಗೆ ಮಗುವೇ ಅನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲೇ ಸೇರಿದೆ, ಹಾಗಿದ್ದ ಮೇಲೆ ಹದಿನೈದರ ಆ ಹುಡುಗಿ ಯಾರ ಲೆಕ್ಕಕ್ಕೆ?

ಸಂವಿಧಾನದಲ್ಲಿ ಒಂದು ಸಾಲು ಸೇರಿದರೆ ಏನು ಬಂತು ಅಂತ ಕೆಲವರು ಕೇಳುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಂತೂ ಆ ಮಾತು ಆಡಬಾರದು. ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲು ಕೊಡುವ 371ಜೆ ವಿಧಿ ಹೇಗೆ ಬಂತು? ಹೋರಾಟಗಾರ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದರು, ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಆಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಬಡವರ ಮಕ್ಕಳು ಮೆಡಿಕಲ್, ಇಂಜಿನಿಯರಿಂಗ್ ಸೀಟು ಹಿಡಿದರು, ನೌಕರಿಗೆ ಸೇರಿದರು. ಸಂಸತ್ತು ಒಪ್ಪುವ ಒಂದು ತಿಂಗಳ ಹಿಂದೆ, 2012ರ ನವೆಂಬರ್ 10ರಂದು, ಐರ್ಲೆಂಡಿನ ಜನ ಮಕ್ಕಳ ಹಕ್ಕನ್ನು ಸಂವಿಧಾನಕ್ಕೆ ಸೇರಿಸಲು ಓಟು ಹಾಕಿ ಒಪ್ಪಿದ್ದರು. ಕೆಲವು ವಿಚಾರಣೆಗಳಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಅನ್ನುವುದೂ ಅದರಲ್ಲಿದೆ. ನನಗೆ ತುಂಬಾ ಹಿಡಿಸಿದ್ದು ಅದೇ. ನಮ್ಮಲ್ಲಿ ಮದುವೆ ಗೊತ್ತು ಮಾಡುವಾಗ, ಶಾಲೆ ಬಿಡಿಸುವಾಗ, ಗುಳೆ ಹೋಗುವಾಗ ಆ ಮಗುವನ್ನು ಕೂರಿಸಿಕೊಂಡು ಕೇಳುವವರು ಎಷ್ಟು ಜನ?

ಹಾಗಾಗಿ ಹುಟ್ಟಿನಿಂದ ಹದಿನೆಂಟರವರೆಗೆ ಓದು, ಆರೈಕೆ, ರಕ್ಷಣೆ ಎಲ್ಲವೂ ಮೂಲಭೂತ ಹಕ್ಕಾಗಬೇಕು, ಮಗುವಿನ ಮಾತು ಕೇಳುವುದೂ ಅದರಲ್ಲಿ ಸೇರಬೇಕು ಅಂತ ನಾವು ಕೇಳೋಣ. ಶುರು ಮಾಡೋಕೆ ದೆಹಲಿಗೆ ಹೋಗಬೇಕಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ವಾ, ಈ ಸಲ ಅಲ್ಲಿ ಠರಾವು ಮಾಡಿಸಿ, ಶಾಸಕರಿಗೂ ಸಂಸದರಿಗೂ ಕಳಿಸಿ. ಶಾಲೆಯ ಮಕ್ಕಳನ್ನಷ್ಟೇ ಸಾಲಾಗಿ ಕರೆತಂದು ಕೂರಿಸಬೇಡಿ. ಹೊಲದಲ್ಲಿರುವ ಆ ಹುಡುಗಿಯಂಥವರೂ ಬರಬೇಕು. ಅವರಿಗೆ ಬೆಳಿಗ್ಗೆಯೂ ಕೆಲಸ, ಮಧ್ಯಾಹ್ನವೂ ಕೆಲಸ, ಅದಕ್ಕೇ ಸಭೆಯನ್ನು ಹೊತ್ತು ಮುಳುಗಿದ ಮೇಲೆ ಇಡಿ.