ಕಲಕು ನೀರಿಗೆ ಕ್ಯಾಮೆರಾ ಇಳಿಸಿ

ನಮಸ್ಕಾರ. ಡಿಸೆಂಬರ್ ಬಂತೆಂದರೆ ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಹುಡುಗರ ಸ್ಟೇಟಸ್ಸಿನಲ್ಲೆಲ್ಲ ನೀಲಿ ನೀರು. ಒಂದೋ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ, ಇಲ್ಲದಿದ್ದರೆ ಪರ್ಮಿಟ್ ಮಾಡಿಸಿಕೊಂಡು ಲಕ್ಷದ್ವೀಪ. ಹೋಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಉಂಟು, ಅದು ಬೇರೆ ಮಾತು. ನನ್ನ ತಕರಾರು ಇಷ್ಟೆ: ನೀರಿನೊಳಗೆ ಫೋಟೋ ತೆಗೆಯಲು ಕಲಿಯಬೇಕು ಅಂತಿರುವವರು ಆ ನೀಲಿ ನೀರಿನಿಂದ ಶುರು ಮಾಡಬಾರದು. ನಮ್ಮ ಊರಿನ ಕಲಕು ನೀರಿನಿಂದ ಶುರು ಮಾಡಬೇಕು.

"ನಮ್ಮಲ್ಲಿ ಎಂತ ಕಾಣ್ತದೆ ಮಾರಾಯ್ರೇ, ಬರೀ ಮಣ್ಣುನೀರು" ಅಂತ ಕಮೆಂಟ್ ಹಾಕಲು ಹೊರಟಿದ್ದೀರಿ, ಗೊತ್ತು. ಮಾತು ಸುಳ್ಳಲ್ಲ. ಶಿರಿಯಾ, ಮೊಗ್ರಾಲು, ಚಂದ್ರಗಿರಿ ಮಳೆಗಾಲವಿಡೀ ಮುರಕಲ್ಲಿನ ಕೆಂಪು ಮಣ್ಣು ತಂದು ಕಡಲಿಗೆ ಸುರಿಯುತ್ತವೆ. ತಳದಲ್ಲಿ ಮರಳು, ಮೇಲಿಂದ ಅಲೆ. ಆದರೆ ಈ ಕಲೆ ಹುಟ್ಟಿದ್ದೂ ಹವಳದ ನೀರಲ್ಲಲ್ಲ. 1856ರಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ಇಂಗ್ಲೆಂಡಿನ ವೇಮೌತ್ ಹತ್ತಿರ ಒಂದು ಪೆಟ್ಟಿಗೆಯಲ್ಲಿ ಕ್ಯಾಮೆರಾ ಇಟ್ಟು ದೋಣಿಯಿಂದ ಸಮುದ್ರಕ್ಕೆ ಇಳಿಬಿಟ್ಟ. ಪೆಟ್ಟಿಗೆಯೊಳಗೆ ನೀರು ನುಗ್ಗಿತು, ಆದರೂ ಪ್ಲೇಟಿನಲ್ಲಿ ಮಸುಕಾಗಿ ಚಿತ್ರ ಮೂಡಿತು. ಚಳಿಯ, ಮಬ್ಬು ಕಡಲದು. ನಮ್ಮ ಕಡಲೇನು ಅದಕ್ಕಿಂತ ಕಡಿಮೆಯಾ?

ಈಗ ಬೆಳಕಿನ ವಿಷಯ. ನೀರು ಬೆಳಕಿನಿಂದ ಮೊದಲು ನುಂಗುವುದು ಕೆಂಪನ್ನು. ತಿಳಿನೀರಲ್ಲೇ ಸುಮಾರು 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ, ಆಮೇಲೆ ಕಿತ್ತಳೆ, ಮತ್ತೂ ಕೆಳಗೆ ಹಳದಿ. ಒಂದು ಕೇಪಳ ಹೂ ಹಿಡಿದುಕೊಂಡು ಇಳಿದರೆ ಅದು ಕೈಯಲ್ಲೇ ಕಂದು ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ್ದೊಂದು ಇದೆ. ಬೆಳಕು ನೀರಲ್ಲಿ ಸಾಗುವುದು ಮೇಲಿಂದ ಮೀನಿನವರೆಗೆ ಮಾತ್ರ ಅಲ್ಲ, ಮೀನಿನಿಂದ ನಿಮ್ಮ ಲೆನ್ಸಿನವರೆಗೂ. ಆ ಎರಡನೇ ದಾರಿಯಲ್ಲೂ ಬಣ್ಣ ಸೋರುತ್ತದೆ. 1926ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮೀನು ವಿಜ್ಞಾನಿ ಲಾಂಗ್ಲಿ ಮತ್ತು ಫೋಟೋಗ್ರಾಫರ್ ಮಾರ್ಟಿನ್ ನೀರಿನೊಳಗಿನ ಮೊದಲ ಬಣ್ಣದ ಫೋಟೋ ತೆಗೆಯುವಾಗ ಬೆಳಕಿಗಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದರು. ಇವತ್ತು ಆ ಕೆಲಸವನ್ನು ಫ್ಲಾಶ್ ಮಾಡುತ್ತದೆ. ಆದರೆ ಫ್ಲಾಶಿನ ಬೆಳಕೂ ನೀರಲ್ಲೇ ಹೋಗಿ ನೀರಲ್ಲೇ ಬರಬೇಕಲ್ಲ? ಹಾಗಾಗಿ ಅದು ಕೆಲಸಕ್ಕೆ ಬರುವುದು ಕೈಯಳತೆಯ ದೂರದಲ್ಲಿ ಮಾತ್ರ.

ಅಷ್ಟು ಹತ್ತಿರ ಹೋಗಿದ್ದೀರಿ ಅಂತ ನಿಮಗೆ ಅನ್ನಿಸುತ್ತದೆ, ಹೋಗಿರುವುದಿಲ್ಲ. ಮಾಸ್ಕಿನ ಗಾಜಿನೊಳಗಿಂದ ನೋಡುವಾಗ ವಕ್ರೀಭವನದಿಂದಾಗಿ 4 ಅಡಿ ದೂರದ ಮೀನು 3 ಅಡಿಯಲ್ಲೇ ಇದ್ದ ಹಾಗೆ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಕೈ ಚಾಚಿ ನೋಡಿ, ಸಿಗುವುದಿಲ್ಲ. ತಿಳಿನೀರಲ್ಲಿ ಈ ಮೋಸ ಗೊತ್ತೇ ಆಗುವುದಿಲ್ಲ. 20 ಮೀಟರ್ ಆಚೆಯ ಆಮೆಯೂ ಕಾಣುವುದರಿಂದ ಅಲ್ಲಿಂದಲೇ ಕ್ಲಿಕ್ ಮಾಡುತ್ತೀರಿ. ಮನೆಗೆ ಬಂದು ನೋಡಿದರೆ ನೀಲಿಯ ನಡುವೆ ಒಂದು ಬೂದು ಕಲೆ. ಕಲಕು ನೀರಲ್ಲಿ ದೂರದಿಂದ ಏನೂ ಕಾಣುವುದೇ ಇಲ್ಲ, ಹತ್ತಿರ ಹೋಗದೆ ಗತಿಯಿಲ್ಲ. ಫ್ಲಾಶನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟು ಹೊಡೆದರೆ ತೇಲುವ ಕಣಗಳೆಲ್ಲ ಬಿಳಿ ಚುಕ್ಕೆಗಳಾಗಿ ಚಿತ್ರವೇ ಹಾಳು. ಮಂಜು ಕವಿದ ಮಡಿಕೇರಿ ಘಾಟಿಯಲ್ಲಿ ಕಾರಿನ ಹೈಬೀಮ್ ಹಾಕಿದ ಹಾಗೆ. ಬೆಳಕನ್ನು ತೋಳುದ್ದ ಹೊರಗೆ ಸರಿಸಿ ಓರೆಯಾಗಿ ಬೀಳಿಸುವುದನ್ನು ಇಲ್ಲಿ ಕಲಿತವನಿಗೆ ಮತ್ತೆ ಲಕ್ಷದ್ವೀಪದಲ್ಲಿ ಕಷ್ಟವಿಲ್ಲ.

ಹಾಗಾದರೆ ತೆಗೆಯುವುದು ಏನನ್ನು? ಚೆರುವತ್ತೂರು, ಪಡನ್ನ ಕಡೆ ಕವ್ವಾಯಿ ಹಿನ್ನೀರಿಗೆ ಹೋಗಿ. ಹಗ್ಗ ಇಳಿಬಿಟ್ಟು ಪಚ್ಚಿಲೆ, ಅಂದರೆ ಅಲ್ಲಿಯವರ ಕಲ್ಲುಮ್ಮಕಾಯಿ, ಬೆಳೆಸುತ್ತಾರೆ. ಬೆಳೆಸುವವರನ್ನು ಕೇಳಿಕೊಂಡು, ಸ್ನಾರ್ಕೆಲ್ (ಮುಖ ನೀರಲ್ಲಿಟ್ಟೇ ಉಸಿರಾಡುವ ಕೊಳವೆ) ಹಾಕಿಕೊಂಡು ಆ ಹಗ್ಗದ ಪಕ್ಕ ಅಲುಗಾಡದೆ ತೇಲಿ. ಬಾಯಿ ತೆರೆದ ಪಚ್ಚಿಲೆಗಳ ಅಂಚು, ಸಂದಿಯಲ್ಲಿ ಏಡಿ, ಸಿಗಡಿ. ಇನ್ನು ಕರಿಮೀನು. ತಟ್ಟೆಯಲ್ಲಿ ನೋಡಿದ್ದೇವೆ, ಸಂಸಾರ ಮಾಡುವುದನ್ನು ನೋಡಿದವರೆಷ್ಟು ಮಂದಿ? ಕಲ್ಲಿಗೋ ಮುಳುಗಿದ ಕಟ್ಟಿಗೆಗೋ ಮೊಟ್ಟೆ ಅಂಟಿಸಿ ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ, ಮರಿ ಹೊರಬಂದ ಮೇಲೂ ಸುತ್ತುತ್ತಲೇ ಇರುತ್ತವೆ. ನನ್ನ ಮಟ್ಟಿಗೆ, ಬೊಗಸೆಯಷ್ಟು ಮರಿಗಳ ಹಿಂದೆ ನಿಂತ ಒಂದು ಕರಿಮೀನಿನ ಫೋಟೋಗೆ ಹತ್ತು ಹವಳದ ಫೋಟೋ ಸಮ ಅಲ್ಲ. ಆದರೆ ಅವು ಗಾಬರಿಯಿಂದ ಅತ್ತಿತ್ತ ಓಡಲು ಶುರು ಮಾಡಿದರೆ ಹಿಂದೆ ಸರಿಯಿರಿ. ತಂದೆತಾಯಿ ದೂರವಾದ ಕ್ಷಣದಲ್ಲೇ ಬೇರೆ ಮೀನು ಬಂದು ಮರಿ ತಿನ್ನಬಹುದು.

ಕಡಲು, ಹಿನ್ನೀರು ದೂರವಾದರೆ ತೋಟದ ಕೆರೆ ಉಂಟಲ್ಲ. ಈಜು ಬರುವವರು, ದಡದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಮಾತ್ರ. ನೀರು ತುಂಬಿದ ಕಲ್ಲುಕೋರೆಗೂ ಅಳಿವೆಬಾಯಿಗೂ ಇಳಿಯಲೇಬೇಡಿ. ಫೋಟೋ ಸಿಕ್ಕೀತು, ಹತ್ತಿ ಬರಲು ಆಗಲಿಕ್ಕಿಲ್ಲ.

ಸ್ಕೂಬಾಕ್ಕೆ ಹೋಗುವವರಿಗೆ ನನ್ನದು ಇನ್ನೂ ಕಟು ಮಾತು: ಮೊದಲ ಕೆಲವು ಡೈವ್ ಕ್ಯಾಮೆರಾ ಇಲ್ಲದೆ ಮಾಡಿ. ಕೈ ನಡುಗದಿರಲಿ ಅಂತ ಫೋಟೋ ತೆಗೆಯುವವರು ಉಸಿರು ಕಟ್ಟುತ್ತಾರೆ, ನೆಲದ ಮೇಲಿನ ಅಭ್ಯಾಸ. ನೀರಲ್ಲಿ ಅದು ಜೀವಕ್ಕೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ತುಂಬಿಕೊಂಡ ಉಸಿರನ್ನು ಹಿಡಿದೇ ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಇನ್ನೊಂದು, ಕಣ್ಣು ಪರದೆಯ ಮೇಲಿದ್ದರೆ ಕಾಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕಾಲಿಗೆ ಹಾಕಿದ ಫಿನ್, ಅಂದರೆ ಈಜುರೆಕ್ಕೆ, ಬಡಿದು ಮುರಿದ ಹವಳ ನಿಮ್ಮ ರೀಲ್ ಮರೆತು ವರ್ಷಗಳಾದರೂ ಮತ್ತೆ ಬೆಳೆದಿರುವುದಿಲ್ಲ. ಲಕ್ಷದ್ವೀಪದ ಹವಳ 1998, 2010, 2016, 2024ರ ಕಡಲ ಬಿಸಿಗೆ ಬಿಳಿಚಿಕೊಂಡು ಮೊದಲೇ ಸೋತಿದೆ. ಕಾನೂನಿನಲ್ಲೂ ಅದಕ್ಕೆ ರಕ್ಷಣೆ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೆ ಹವಳವೂ ಇದೆ.

ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿನ ಡಬ್ಬದ ಮೇಲೆ ಐಪಿ68 (ನೀರು, ಧೂಳು ತಡೆಯುವ ಮಟ್ಟದ ಗುರುತು) ಅಂತ ಇದ್ದರೆ ಅದು ಲ್ಯಾಬಿನ ಸಿಹಿನೀರಿನ ಪರೀಕ್ಷೆ, ನಮ್ಮ ಕಡಲಿನ ಉಪ್ಪಿಗೆ ಅದರಲ್ಲಿ ಯಾವ ಭರವಸೆಯೂ ಇಲ್ಲ. ಫೋನ್ ಹಾಕುವ ನೀರು ನಿರೋಧಕ ಪೌಚ್ ತಗೊಂಡರೆ ಮೊದಲು ಒಳಗೆ ಟಿಶ್ಯೂ ಪೇಪರ್ ಹಾಕಿ ಮುಳುಗಿಸಿ ನೋಡಿ. ಹೌಸಿಂಗ್, ಅಂದರೆ ಕ್ಯಾಮೆರಾದ ಗಟ್ಟಿ ನೀರು ನಿರೋಧಕ ಪೆಟ್ಟಿಗೆ, ಆದರೆ ಅದರ ಬಾಯಿ ಮುಚ್ಚುವ ರಬ್ಬರ್ ಓ-ರಿಂಗಿನ ಮೇಲೆ ಒಂದು ಕೂದಲೋ ಮರಳಿನ ಕಾಳೋ ಸಿಕ್ಕಿಕೊಂಡರೂ ನೀರು ಒಳಗೆ. ಉಪ್ಪುನೀರಿನಿಂದ ಬಂದ ಮೇಲೆ ತೆರೆಯುವ ಮೊದಲು ಬಾವಿನೀರಿನ ಬಕೆಟಿನಲ್ಲಿ ಅರ್ಧ ಗಂಟೆ ಹಾಗೇ ಮುಳುಗಿಸಿಡಿ, ಬಟನ್‌ಗಳನ್ನು ನೀರಲ್ಲೇ ಒತ್ತಿ ಒತ್ತಿ ಬಿಡಿ. ಇಲ್ಲವಾದರೆ ಉಪ್ಪು ಕಟ್ಟಿಕೊಂಡು ಬಟನ್ ಕೂತುಬಿಡುತ್ತದೆ.

ತೆಗೆದ ಫೋಟೋ ಹಸಿರಾಗಿ ಬಂದರೆ ಆಪ್‌ನಲ್ಲಿ ನೀಲಿ ಮಾಡಲು ಹೋಗಬೇಡಿ. ಪಾಚಿಯೂ ಹೊಳೆ ತಂದ ಕಸಕಡ್ಡಿಯ ಸಾರವೂ ನೀಲಿಯನ್ನು ಹೀರುವುದರಿಂದ ನಮ್ಮ ನೀರು ಹಸಿರು. ಹಸಿರಾಗಿಯೇ ಹಾಕಿ, ಯಾವ ಹೊಳೆ, ಯಾವ ತಿಂಗಳು ಅಂತ ಕೆಳಗೆ ಬರೆಯಿರಿ.